ಎರವಲು ಹಲ್ಲು

ನಾನು ಏಳು ತುಂಬಿ ಎಂಟು ತಿಂಗಳಾದ ಮೇಲೆ ಶಾಲೆಗೆ ಹೋದವಳು. ತಪ್ಪು ನನ್ನದಲ್ಲ, ಅಜ್ಜಿಯದು. "ಈ ಕಥೆ ಒಂದು ಮುಗೀಲಿ, ನಾಳೆ ಹೋದರಾಯ್ತು" ಎಂದು ಅವಳು ದಿನವೂ ಹೇಳುತ್ತಿದ್ದಳು. ಅವಳ ಕಥೆಗಳೋ, ಒಂದರ ಬಾಲ ಹಿಡಿದು ಇನ್ನೊಂದು ಹೊರಡುವಂಥವು. ಕೊನೆಗೊಂದು ದಿನ ಅಪ್ಪ ಕಥೆಯ ನಡುವಿನಿಂದಲೇ ನನ್ನನ್ನು ಎತ್ತಿಕೊಂಡು ಹೋಗಿ ತರಗತಿಯಲ್ಲಿ ಕೂರಿಸಿದಾಗ ನಾನು ಪಕ್ಕದವರಿಗಿಂತ ಒಂದು ತಲೆ ಎತ್ತರವಾಗಿದ್ದೆ. ಏಳು ಸಮುದ್ರದಾಚೆಯ ಗಿಳಿಯ ಹೊಟ್ಟೆಯಲ್ಲಿ ಯಾರ ಪ್ರಾಣವಿದೆ ಎಂಬುದು ನನಗೆ ಗೊತ್ತಿತ್ತು. ಪೆನ್ಸಿಲಿನ ಯಾವ ತುದಿ ಬರೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಮೊದಲ ವಾರದಲ್ಲೇ 'ಒಂಟೆ' ಎಂಬ ಹೆಸರು ಬಂತು. ಆಗ ಹಿಂದೆ ಬಿದ್ದವಳು ಇವತ್ತಿಗೂ ಎಲ್ಲ ಕಡೆಗೂ ತಡವಾಗಿಯೇ ಹೋಗುತ್ತೇನೆ. ನನ್ನ ಮದುವೆಗೆ ನಾನು ತಲುಪುವ ಹೊತ್ತಿಗೆ ಒಂದು ಪಂಕ್ತಿ ಊಟ ಮುಗಿದಿತ್ತು.

ಇಷ್ಟೆಲ್ಲ ಅನುಭವಿಸಿದವಳು ಮಗಳ ವಿಷಯದಲ್ಲಾದರೂ ಬುದ್ಧಿವಂತಳಾಗಿರುತ್ತಾಳೆ ಎಂದು ನೀವು ಅಂದುಕೊಂಡರೆ, ನನ್ನ ಅಕ್ಕ ಮೋಸಹೋದ ಹಾಗೆಯೇ ನೀವೂ ಹೋಗುತ್ತೀರಿ.

ನನ್ನದು ಹೊಲಿಗೆ ಕೆಲಸ. ಹೊಸ ಬಟ್ಟೆಗಿಂತ ಹಳೆಯದನ್ನು ಸರಿಮಾಡುವುದೇ ಹೆಚ್ಚು: ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಕಳೆದ ವರ್ಷ ಸಡಿಲವಾಗಿದ್ದ ಕೋಟು ಈ ವರ್ಷ ಯಾಕೋ 'ಕುಗ್ಗಿಬಿಟ್ಟಿದೆ' ಎಂದು ತರುವವರಿಗೆ ಏನೂ ಅನ್ನದೆ ಸೊಂಟ ಬಿಚ್ಚಿಕೊಡುವುದು. ಬೀದಿಗೆ ದೊಡ್ಡ ಕಿಟಕಿ ಇರುವ ಮುಂಭಾಗದ ಕೋಣೆಯೇ ನನ್ನ ಅಂಗಡಿ. ಕಿಟಕಿಗೆ ಒತ್ತಿಕೊಂಡು ಯಂತ್ರ, ನಡುವೆ ಕತ್ತರಿಸುವ ಉದ್ದ ಮೇಜು, ಮೇಜಿನ ಕೆಳಗೆ ನನ್ನ ಮಗಳು.

ಅವಳನ್ನು ಮನೆಯಲ್ಲಿ ಬಾಬಿನ್ ಎಂದು ಕರೆಯುತ್ತೇವೆ. ಹೊಲಿಗೆ ಯಂತ್ರದ ಅಡಿಯಲ್ಲಿ ಕಾಣದಂತೆ ಕೂತು ಗಿರಗಿರ ಸುತ್ತುವ ಪುಟ್ಟ ಸುರುಳಿ ಇರುತ್ತದಲ್ಲ, ಅದೇ. ನಮ್ಮವಳ ಕೆಲಸವೂ ಅದೇ. ಒಂದು ಅಯಸ್ಕಾಂತ ಹಿಡಿದು ಮೇಜಿನ ಕೆಳಗೆ ಸುತ್ತುತ್ತ, ಬಿದ್ದ ಗುಂಡುಸೂಜಿಗಳನ್ನೆಲ್ಲ ಹಿಡಿದು ಡಬ್ಬಿಗೆ ಹಾಕುವುದು. ಅವಳಿಗೆ ಇನ್ನೊಂದು ಕೆಲಸವೂ ಇತ್ತು, ನನ್ನ ಮಟ್ಟಿಗೆ ಅದೇ ಮುಖ್ಯ. ನಾನು ಹೊಲಿಯುತ್ತ ಕಥೆ ಹೇಳುತ್ತೇನೆ, ಅವಳು ಕೆಳಗಿನಿಂದ "ಹೂಂ" ಅನ್ನಬೇಕು.

ಹೂಂಗುಟ್ಟುವವರಿಲ್ಲದೆ ಕಥೆ ಹೇಳಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಹೇಳಿದರೆ ಕಥೆ ದಾರಿ ತಪ್ಪಿ ಯಾರದೋ ಮನೆಗೆ ಹೋಗಿಬಿಡುತ್ತದಂತೆ. ಅಜ್ಜಿಗೆ ನಾನು ಹೂಂಗುಟ್ಟಿದೆ. ಅವಳು ಹೋದ ಮೇಲೆ ಹತ್ತು ಹನ್ನೆರಡು ವರ್ಷ ಕಥೆಗಳು ನನ್ನೊಳಗೆ ಮಡಿಸಿಟ್ಟ ಬಟ್ಟೆಯ ಹಾಗೆ ಬಿದ್ದಿದ್ದವು. ಮದುವೆಯಾದ ಹೊಸದರಲ್ಲಿ ಗಂಡನಿಗೆ ಒಂದು ಹೇಳಿ ನೋಡಿದೆ. ರಾಜಕುಮಾರ ಬಾವಿಗೆ ಇಳಿದಿದ್ದನಷ್ಟೆ, "ಬಾವಿ ಎಷ್ಟು ಅಡಿ?" ಎಂದು ಕೇಳಿದರು. ಅಲ್ಲಿಗೆ ಬಿಟ್ಟೆ.

ಅವರು ತಕ್ಕಡಿ ರಿಪೇರಿ ಮಾಡುವವರು. ಹಿತ್ತಾಳೆಯ ತೂಕದ ಬೊಟ್ಟುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅಂಗಡಿ ಅಂಗಡಿಗೆ ಹೋಗಿ, ಯಾರ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂದು ನೋಡಿ ಸರಿಪಡಿಸುವುದು ಅವರ ಕಸುಬು. ಅಂಥವರ ಮನೆಯಲ್ಲಿ ನಾನಿದ್ದೇನೆ. ಋಣಾನುಬಂಧ ಎನ್ನಬೇಕು.

ಆ ವರ್ಷ ಶಾಲೆ ಶುರುವಾಗುವ ದಿನಕ್ಕೆ ಬಾಬಿನ್‌ಗೆ ಆರು ತುಂಬಲು ಒಂಬತ್ತು ದಿನ ಕಮ್ಮಿ ಬೀಳುತ್ತಿತ್ತು. ಹೀಗೆ ಅಂಚಿನಲ್ಲಿ ನಿಂತ ಮಕ್ಕಳನ್ನು ಈ ವರ್ಷವೇ ಸೇರಿಸುವುದೋ, ಇನ್ನೊಂದು ವರ್ಷ ಮನೆಯಲ್ಲಿಟ್ಟುಕೊಳ್ಳುವುದೋ ಅಪ್ಪ ಅಮ್ಮನೇ ತೀರ್ಮಾನಿಸಬೇಕು ಎಂದು ಶಾಲೆಯವರು ಒಂದು ಅರ್ಜಿ ಕಳಿಸಿದರು. ಅದರಲ್ಲಿ ಎರಡು ಚೌಕ. ಒಂದರಲ್ಲಿ 'ಈ ವರ್ಷ', ಇನ್ನೊಂದರಲ್ಲಿ 'ಮುಂದಿನ ವರ್ಷ'. ಯಾವುದಕ್ಕಾದರೂ ಒಂದು ಗುರುತು ಹಾಕಿ, ಶುಕ್ರವಾರ ಮಗುವನ್ನೂ ಕರೆದುಕೊಂಡು ಬರಬೇಕು.

ಒಂಬತ್ತು ದಿನ! ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ಮುಖದ ಮೇಲೆ ಮಾತ್ರ ಚಿಂತೆ ಎಳೆದುಕೊಂಡೆ.

"ಇನ್ನೂ ಚಿಕ್ಕವಳು ರೀ" ಅಂದೆ. "ಹೊರಗಿನವರ ಹತ್ತಿರ ಬಾಯೇ ಬಿಡಲ್ಲ."

"ನಿನ್ನ ಮುಂದೆ ಅವಳಿಗೆ ಬಾಯಿ ಬಿಡೋಕೆ ಸಂದಿ ಎಲ್ಲಿದೆ?" ಎಂದರು ಅವರು, ಬೊಟ್ಟು ಒರೆಸುತ್ತ.

"ಮೈಕೈ ಕೂಡ ಸಣ್ಣ."

"ಶಾಲೇಲಿ ಮೂಟೆ ಹೊರಿಸ್ತಾರಾ?"

"ತನ್ನ ಬಟ್ಟೆ ತಾನು ಹಾಕ್ಕೊಳ್ಳೋಕೆ ಬರಲ್ಲ. ಆ ಅರ್ಜೀಲಿ ಬರೆದಿದ್ದಾರೆ ನೋಡಿ, 'ಮಗು ತನ್ನ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತದೆಯೇ?' ಅಂತ. ನಮ್ಮವಳು ಹಾಕ್ಕೊಳ್ಳಲ್ಲ."

ಅವರು ಒರೆಸುತ್ತಿದ್ದ ಬೊಟ್ಟನ್ನು ಪೆಟ್ಟಿಗೆಯಲ್ಲಿಟ್ಟರು. "ನೋಡು, ಎರಡು ಕಡೆನೂ ತೂಕ ಇಟ್ಟು ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ನೋಡೋದು ನನ್ನ ಕೆಲಸ. ನೀನು ಒಂದು ತಟ್ಟೆ ಮೇಲೆ ಮೊಣಕೈ ಊರಿಕೊಂಡು ಮುಳ್ಳು ನೋಡ್ತಿದೀಯ."

ನಾನು ಕೇಳಿಸದವಳ ಹಾಗೆ ಯಂತ್ರ ತುಳಿದೆ. ಯಂತ್ರದ ಸದ್ದಿನಿಂದ ಇಂಥ ಉಪಕಾರಗಳು ಬಹಳ.

ಅಕ್ಕ ಮಹಡಿಯ ಮೇಲೆ ಇರುವವಳು. ಅವಳ ಮಗಳು ಮೂರನೇ ತರಗತಿ. ಬಾಯಲ್ಲಿ ಹಲ್ಲಿಗಿಂತ ಕಿಂಡಿಗಳೇ ಜಾಸ್ತಿ. ಅಕ್ಕ ಮೆಟ್ಟಿಲ ಮೇಲಿಂದಲೇ ತೀರ್ಪು ಕೊಟ್ಟಳು. "ಕಳಿಸೇ ಸುಮ್ನೆ! ಅಜ್ಜಿ ನಿನ್ನನ್ನ ಸೆರಗಿಗೆ ಗಂಟು ಹಾಕ್ಕೊಂಡಿದ್ದು ಸಾಲದಾ? ಈಗ ನೀನು ಇವಳನ್ನ ಗಂಟು ಹಾಕ್ಕೋತೀಯ. ಎರಡನೇ ಒಂಟೆ ತಯಾರು ಮಾಡ್ತೀಯ?"

"ಅವಳು ಗಿಡ್ಡ ಇದಾಳಲ್ಲಕ್ಕ."

"ಸರಿ, ಗಿಡ್ಡ ಒಂಟೆ."

ಇವರಿಬ್ಬರನ್ನೂ ನಿಭಾಯಿಸಬಹುದಿತ್ತು. ಕಷ್ಟವಾದದ್ದು ಬಾಬಿನ್‌ಳದೇ. ಶಾಲೆ ತೆರೆಯುವ ಕಾಲವಾದ್ದರಿಂದ ನನ್ನ ಮೇಜಿನ ಮೇಲೆಲ್ಲ ಬೀದಿಯ ಮಕ್ಕಳ ಸಮವಸ್ತ್ರ ರಾಶಿ ಬಿದ್ದಿತ್ತು. ಅಮ್ಮಂದಿರು ಮಕ್ಕಳನ್ನು ಸ್ಟೂಲಿನ ಮೇಲೆ ಹತ್ತಿಸಿ, "ಎರಡು ಬೆರಳು ಒಳಗೆ ಮಡಿಸಿಡಿ, ಬೆಳೀತಾಳೆ" ಎನ್ನುತ್ತಿದ್ದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬೆಳೆಯುವ ಮಕ್ಕಳಿಗೆಲ್ಲ ಎರಡೆರಡು ಬೆರಳು ಜಾಗ ಬಿಟ್ಟು ಅಂಚು ಹೊಲಿಯುತ್ತಿದ್ದೆ. ಆ ಮಕ್ಕಳು ಸ್ಟೂಲಿನಿಂದ ಇಳಿದು ಹೋಗುವುದನ್ನು ಬಾಬಿನ್ ಮೇಜಿನ ಕೆಳಗಿನಿಂದ, ಬಟ್ಟೆಯ ಅಂಚು ಸರಿಸಿ ನೋಡುತ್ತಿದ್ದಳು.

"ನಂದು ಯಾವಾಗ ಹೊಲೀತೀಯಮ್ಮ?"

"ಹೊಲೀತೀನಿ."

"ನಾನು ಯಾವಾಗ ಶಾಲೆಗೆ ಹೋಗೋದು?"

"ಹೋಗುವಿಯಂತೆ."

ದಿನಕ್ಕೆ ಮೂವತ್ತು ಸಲ ಇದೇ ಪ್ರಶ್ನೆ. ಮೂವತ್ತೊಂದನೆಯ ಸಲ ನನ್ನ ಬಾಯಿಂದ ಉತ್ತರ ತಾನಾಗಿಯೇ ಬಂತು. "ಮೊದಲನೇ ಹಲ್ಲು ಬಿದ್ದ ಮೇಲೆ."

"ಯಾಕೆ?"

ಇಲ್ಲಿಗೆ ನಿಲ್ಲಿಸಬಹುದಿತ್ತು. "ಹಾಗೇ ಕಣೆ" ಎಂದು ಯಾವ ತಾಯಿಯಾದರೂ ಹೇಳಿ ಮುಗಿಸುತ್ತಾಳೆ. ಆದರೆ 'ಯಾಕೆ' ಎಂದು ಕೇಳಿದರೆ ನನ್ನೊಳಗಿನ ಅಜ್ಜಿ ಕಾಲು ಚಾಚಿ ಕೂತುಬಿಡುತ್ತಾಳೆ. ಶಾಲೆಯ ಬಾಗಿಲಲ್ಲಿ ಒಬ್ಬ ಮುದುಕಿ ಇರುತ್ತಾಳೆ, ಅವಳ ಸೊಂಟದಲ್ಲಿ ಬೀಗದ ಕೈ, ಕೈಯಲ್ಲಿ ಲಾಟೀನು. ಬಂದ ಮಕ್ಕಳಿಗೆಲ್ಲ "ಆ ಅನ್ನು" ಅನ್ನುತ್ತಾಳೆ, ಲಾಟೀನು ಎತ್ತಿ ಬಾಯೊಳಗೆ ನೋಡುತ್ತಾಳೆ. ಹಲ್ಲು ಬಿದ್ದ ಜಾಗದಲ್ಲಿ ಕಿಂಡಿ ಇದ್ದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಅಕ್ಷರಗಳು ಒಳಗೆ ಹೋಗಬೇಕಾದರೆ ದಾರಿ ಬೇಡವೇ? ಹಲ್ಲೆಲ್ಲ ಬೇಲಿ ಹಾಕಿದಂತೆ ಗಟ್ಟಿಯಾಗಿದ್ದರೆ ಪಾಪ ಅವು ಎಲ್ಲಿಂದ ನುಗ್ಗಬೇಕು?

"ಹೂಂ" ಎಂದಳು ಬಾಬಿನ್, ಬಹಳ ಹೊತ್ತಿನ ಮೇಲೆ.

ಕಥೆ ಚೆನ್ನಾಗಿ ಕೂತಿತ್ತು. ನನಗೇ ಹೆಮ್ಮೆಯಾಯಿತು. ಅವಳ ಹಲ್ಲುಗಳು ಒಂದೊಂದೂ ಗೋಡೆಗೆ ಹೊಡೆದ ಮೊಳೆಯ ಹಾಗೆ ಭದ್ರವಾಗಿದ್ದವು. ಇನ್ನಾರು ತಿಂಗಳು ಅಲುಗುವ ಲಕ್ಷಣವಿರಲಿಲ್ಲ. ಆ ದಿನದಿಂದ ಪ್ರಶ್ನೆ ನಿಂತುಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ನೆಮ್ಮದಿಯಿಂದ ಹೊಲಿಯತೊಡಗಿದೆ. ಅವಳು ಪೆನ್ಸಿಲ್ ಕಚ್ಚುವುದು, ದಾರ ಸುತ್ತಿದ ಮರದ ಉರುಳೆ ಕಚ್ಚುವುದು, ಅಪ್ಪನ ಹಿತ್ತಾಳೆ ಬೊಟ್ಟು ಕಚ್ಚಿ ಬೈಸಿಕೊಳ್ಳುವುದು ಇವೆಲ್ಲ ಕಣ್ಣಿಗೆ ಬೀಳುತ್ತಲೇ ಇದ್ದವು. 'ಮಗುವಿಗೆ ಹಸಿವು ಹೆಚ್ಚಾಗಿದೆ' ಎಂದುಕೊಂಡೆ.

ಬುಧವಾರ ಶಾಲೆಯ ಹೆಡ್ ಮೇಡಂ ತಮ್ಮ ಬೂದು ಬಣ್ಣದ ಕೋಟು ಕಳಿಸಿದರು. ಅದಕ್ಕೆ ಎದೆಯ ಮೇಲೆ ಆರು ಗುಂಡಿ. ಒಂದೊಂದೂ ಬಿಸ್ಕತ್ತಿನಷ್ಟು ಅಗಲ, ಹೊಳಪಿನ ಬೂದು, ನಡುವೆ ನಾಲ್ಕು ತೂತು. ಅವರ ಕೋಟೂ ಆ ವರ್ಷ ಕುಗ್ಗಿತ್ತು. ಆರನ್ನೂ ಬಿಚ್ಚಿ ಅಂಚಿನ ಕಡೆಗೆ ಒಂದು ಬೆರಳು ಸರಿಸಿ ಹಾಕಬೇಕಿತ್ತು. ಬಿಚ್ಚಿ ತಟ್ಟೆಯಲ್ಲಿಟ್ಟೆ. ಗುರುವಾರ ಹಾಕಲು ಕೂತಾಗ ನಾಲ್ಕೇ ಇದ್ದವು.

ಮೇಜಿನ ಮೇಲೆ, ಕೆಳಗೆ, ಯಂತ್ರದ ಹೊಟ್ಟೆಯೊಳಗೆ, ನನ್ನ ಜೇಬಿನಲ್ಲಿ ಎಲ್ಲ ಹುಡುಕಿದೆ.

"ಗುಂಡಿ ನೋಡಿದೆಯೇನೇ?"

"ಅಯಸ್ಕಾಂತಕ್ಕೆ ಗುಂಡಿ ಅಂಟಲ್ಲಮ್ಮ" ಎಂದಳು ಬಾಬಿನ್. ಮಾತು ನಿಜವೇ. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ನನ್ನಂಥವಳಿಗೆ ಹೊಳೆಯಲಿಲ್ಲ.

"ಇಲಿ ಹೊತ್ಕೊಂಡು ಹೋಗಿರುತ್ತೆ" ಎಂದೆ. ಇಲಿಗಳ ಅರಮನೆಯಲ್ಲಿ ಗುಂಡಿಗಳೇ ಊಟದ ತಟ್ಟೆ ಎಂಬ ಅಜ್ಜಿಯ ಕಥೆಯನ್ನು ಅದೇ ಉಸಿರಿನಲ್ಲಿ ಹೇಳಿದೆ. ಮಗಳು ಎಂದಿಗಿಂತ ಜೋರಾಗಿ ಹೂಂಗುಟ್ಟಿದಳು. ಕೊನೆಗೆ ಡಬ್ಬಿ ತಡಕಿ, ಹೆಚ್ಚುಕಡಿಮೆ ಅದೇ ಅಳತೆಯ ಎರಡು ಕಂದು ಗುಂಡಿಗಳನ್ನು ಕೋಟಿನ ಎಲ್ಲಕ್ಕಿಂತ ಕೆಳಗೆ ಹಾಕಿದೆ. ಅಷ್ಟು ಕೆಳಗೆ ಯಾರು ನೋಡುತ್ತಾರೆ? ಸ್ವತಃ ಮೇಡಂಗೇ ಕಾಣುವುದಿಲ್ಲ, ನಡುವೆ ಹೊಟ್ಟೆ ಅಡ್ಡ ಬರುತ್ತದೆ.

ಶುಕ್ರವಾರ ಬೆಳಿಗ್ಗೆ ಕೋಟನ್ನು ಚೀಲದಲ್ಲಿ ಹಾಕಿಕೊಂಡು, ಅರ್ಜಿಯನ್ನು ಮಡಿಸಿ ಇಟ್ಟುಕೊಂಡು, ಬಾಬಿನ್‌ಳ ಕೈ ಹಿಡಿದು ಹೊರಟೆ. ಅರ್ಜಿಯಲ್ಲಿ 'ಮುಂದಿನ ವರ್ಷ' ಎಂಬಲ್ಲಿ ಪೆನ್ಸಿಲಿನಿಂದ ತೆಳುವಾಗಿ ಗುರುತು ಹಾಕಿದ್ದೆ. ಪೆನ್ಸಿಲ್ ಯಾಕೆಂದರೆ, ಗಂಡ ಕೇಳಿದರೆ 'ಇನ್ನೂ ಹಾಕಿಲ್ಲ' ಎನ್ನುವಷ್ಟು ತೆಳು, ಮೇಡಂ ನೋಡಿದರೆ 'ಹಾಕಿದ್ದೇನೆ' ಎನ್ನುವಷ್ಟು ದಪ್ಪ. ಬಾಬಿನ್ ನನಗೆ ಒಂದೇ ಕೈ ಕೊಟ್ಟಿದ್ದಳು. ಇನ್ನೊಂದು ಮುಷ್ಟಿ ದಾರಿಯುದ್ದಕ್ಕೂ ಬಿಗಿಯಾಗಿತ್ತು. ಗೇಟಿನ ಹತ್ತಿರ ನಿಂತು ಆ ಕಡೆ ಈ ಕಡೆ ನೋಡಿದಳು.

"ಏನು ಹುಡುಕ್ತಿದೀಯ?"

"ಏನಿಲ್ಲ."

ಹೆಡ್ ಮೇಡಂ ಕೋಣೆಯ ಹೊರಗಿನ ಓಣಿಯಲ್ಲಿ ನನ್ನ ಸೊಂಟದೆತ್ತರಕ್ಕೆ ಸಾಲಾಗಿ ಕೊಕ್ಕೆಗಳಿದ್ದವು. ಒಂದೊಂದರ ಮೇಲೂ ಒಂದೊಂದು ಚಿತ್ರ: ಮೀನು, ಛತ್ರಿ, ಕೀಲಿ, ದೋಣಿ. ಬಾಬಿನ್ ಒಂದೊಂದರ ಮುಂದೂ ನಿಂತು ನೋಡಿದಳು. ದೋಣಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಒಳಗೆ ನನಗೂ ಮಕ್ಕಳ ಕುರ್ಚಿಯನ್ನೇ ಕೊಟ್ಟರು. ಮೊಣಕಾಲು ಗಲ್ಲಕ್ಕೆ ತಾಗಿತು. ಒಂಟೆ ಮತ್ತೆ ಶಾಲೆಗೆ ಬಂದಿತ್ತು.

"ಏನು ಪುಟ್ಟಿ, ಶಾಲೆಗೆ ಬರ್ತೀಯಾ?" ಮೇಡಂ ಕೇಳಿದರು.

ಬಾಬಿನ್ ಬಾಯಿ ಬಿಡಲಿಲ್ಲ. ತುಟಿಯನ್ನು ಹೊಲಿಗೆ ಹಾಕಿದ ಹಾಗೆ ಮುಚ್ಚಿಕೊಂಡಿದ್ದಳು. ನನ್ನ ಹೃದಯ ಹಗುರಾಯಿತು. "ಹೀಗೇ ಮೇಡಂ, ಹೊರಗಿನವರ ಹತ್ತಿರ ಮಾತೇ ಇಲ್ಲ. ಅದಕ್ಕೇ ನಾನೂ ಯೋಚನೆ ಮಾಡ್ತಿದೀನಿ, ಇನ್ನೊಂದು ವರ್ಷ..." ಎನ್ನುತ್ತ ಅರ್ಜಿ ತೆಗೆಯಹೊರಟೆ.

ಬಾಬಿನ್ ಎದ್ದು ಹೋಗಿ ಮೇಡಂ ಮೇಜಿನ ಮೇಲೆ ಮುಷ್ಟಿ ಇಟ್ಟು ಬಿಚ್ಚಿದಳು. ಅಂಗೈಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಹಲ್ಲು.

"ಇದೇನಿದು?"

"ಹಲ್ಲು."

"ನಿಂದಾ?"

"ಅಲ್ಲ. ಅಕ್ಕಂದು, ಮೇಲಿನ ಮನೆ ಅಕ್ಕಂದು. ಎರವಲು ತಂದಿದೀನಿ." ಬಾಬಿನ್ ಒಂದೇ ಉಸಿರಿಗೆ ಹೇಳಿದಳು. "ನಂದು ಇನ್ನೂ ಬಿದ್ದಿಲ್ಲ. ಎಷ್ಟು ಕಚ್ಚಿದ್ರೂ ಬೀಳ್ತಿಲ್ಲ. ಬಿದ್ದ ತಕ್ಷಣ ನಂದು ತಂದ್ಕೊಡ್ತೀನಿ, ಆಗ ಇದನ್ನ ವಾಪಸ್ ಕೊಡಿ. ಅಲ್ಲೀವರೆಗೂ ನಡೆಯುತ್ತಾ?"

ಹೊರಗಿನವರ ಹತ್ತಿರ ಬಾಯಿ ಬಿಡದ ಮಗು.

ಮೇಡಂ ಕನ್ನಡಕ ಏರಿಸಿ ಹಲ್ಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಶಾಲೆಗೆ ಸೇರೋಕೆ ಹಲ್ಲು ಬೇಕು ಅಂತ ಯಾರು ಹೇಳಿದ್ದು ಮರೀ?"

"ಅಮ್ಮ. ಬಾಗಿಲಲ್ಲಿ ಮುದುಕಿ ಇರ್ತಾಳಲ್ಲ, ಬಾಯಿ ನೋಡೋಳು. ಇವತ್ತು ಅವಳಿಗೆ ರಜಾನಾ?"

ನಾನು ಕುರ್ಚಿಯಲ್ಲಿ ಇನ್ನಷ್ಟು ಚಿಕ್ಕವಳಾಗಲು ನೋಡಿದೆ. ಮೊಣಕಾಲು ಬಿಡಲಿಲ್ಲ.

"ರಜಾ" ಎಂದರು ಮೇಡಂ, ಗಂಭೀರವಾಗಿ. "ಅದಿರಲಿ, ನಿಮ್ಮಕ್ಕ ಸುಮ್ಮನೆ ಕೊಟ್ಟಳಾ ಹಲ್ಲನ್ನ?"

"ಇಲ್ಲ, ಎರಡು ಗುಂಡಿ ಕೇಳಿದಳು. ದೊಡ್ಡವು."

"ಯಾವ ಬಣ್ಣ?"

"ಬೂದಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಕೋಟಿನ ಚೀಲದ ಮೇಲೆ ಹೋಯಿತು. ಮೇಡಂ ಕಣ್ಣು ನನ್ನ ಕೈಯ ಹಿಂದೆಯೇ ಬಂತು. ಚೀಲ ಕೊಟ್ಟೆ. ಅವರು ಕೋಟು ಬಿಡಿಸಿ, ನೇರವಾಗಿ ಎಲ್ಲಕ್ಕಿಂತ ಕೆಳಗಿನ ಎರಡು ಗುಂಡಿಗಳನ್ನು ನೋಡಿದರು. ನಲವತ್ತು ಮಕ್ಕಳಲ್ಲಿ ಯಾರ ಬಾಯಲ್ಲಿ ಮಿಠಾಯಿ ಇದೆ ಎಂದು ಬಾಗಿಲಿನಿಂದಲೇ ಹೇಳುವವರಿಗೆ ಇದು ಯಾವ ಲೆಕ್ಕ?

"ಕಂದು ಚೆನ್ನಾಗೇ ಇದೆ" ಎಂದರು.

"ನಾಳೇನೇ ಸರಿ ಮಾಡಿಕೊಡ್ತೀನಿ ಮೇಡಂ."

"ನಿಧಾನ. ಪುಟ್ಟಿ, ನಮ್ಮಲ್ಲಿ ಹಲ್ಲು ಬೇಕಾಗಿಲ್ಲ. ಇದನ್ನ ಜೋಪಾನವಾಗಿ ಅಕ್ಕಂಗೆ ಕೊಟ್ಟುಬಿಡು. ಈಗ ಪಕ್ಕದ ಕೋಣೇಲಿ ಜೇಡಿಮಣ್ಣು ಇಟ್ಟಿದಾರೆ, ಮೇಲಂಗಿ ತೆಗೆದು ಕೊಕ್ಕೆಗೆ ಹಾಕಿ ಹೋಗು ನೋಡೋಣ."

ಬಾಬಿನ್ ತಕ್ಷಣ ತಿರುಗಿ, ಮೇಡಂಗೆ ಬೆನ್ನು ಕೊಟ್ಟು ನಿಂತಳು.

"ಏನು?"

"ಗುಂಡಿ ಬಿಚ್ಚಿ."

ಕುತ್ತಿಗೆಯಿಂದ ಸೊಂಟದವರೆಗೆ ಏಳು ಪುಟ್ಟ ಗುಂಡಿ, ಬೆನ್ನ ಮೇಲೆ. ಮೇಡಂ ಒಂದೊಂದನ್ನೇ ಬಿಚ್ಚಿದರು. ಒಳಗಿನ ಫ್ರಾಕಿಗೂ ಗುಂಡಿ ಬೆನ್ನಿಗೇ ಇರುವುದನ್ನು ನೋಡಿದರು. ಬಾಬಿನ್ ಓಡಿಹೋಗಿ ಮೇಲಂಗಿಯನ್ನು ದೋಣಿಯ ಕೊಕ್ಕೆಗೆ ಸಿಕ್ಕಿಸಿ ಮಾಯವಾದಳು.

"ಎಲ್ಲ ಬಟ್ಟೆಗೂ ಹೀಗೇನಾ?"

"ಅದು... ಈಗಿನ ಫ್ಯಾಷನ್ನು" ಎಂದೆ.

"ಈ ಬೀದಿ ಮಕ್ಕಳಿಗೆಲ್ಲ ನೀವೇ ಅಲ್ವಾ ಹೊಲಿಯೋದು? ಅವರದ್ದೆಲ್ಲ ಮುಂದೆ ಇರುತ್ತೆ."

ಏಳು ಸಮುದ್ರ ದಾಟಿಸುವವಳಿಗೆ ಏಳು ಗುಂಡಿ ದಾಟಲಾಗಲಿಲ್ಲ. ನಾನು ಒಂದು ದಿನವೂ ಯೋಚಿಸಿ ಹಾಗೆ ಹೊಲಿದವಳಲ್ಲ, ಆಣೆ ಮಾಡಿ ಹೇಳುತ್ತೇನೆ. ಕೂಸಾಗಿದ್ದಾಗ ಬೆನ್ನಿಗಿದ್ದವು, ಹಾಗೇ ಮುಂದುವರಿದವು. ವರ್ಷವರ್ಷವೂ ಅಂಗಿ ದೊಡ್ಡದಾಯಿತು, ಗುಂಡಿಗಳು ಮಾತ್ರ ಇದ್ದಲ್ಲೇ ಉಳಿದವು. ಬೆಳಿಗ್ಗೆ ಅವಳು ಬಂದು ಬೆನ್ನು ಕೊಟ್ಟು ನಿಲ್ಲುವುದು, ನಾನು ಕೆಳಗಿನಿಂದ ಮೇಲೆ ಒಂದೊಂದೇ ಹಾಕುವುದು, ಕೊನೆಯದನ್ನು ಹಾಕಿ ಕುತ್ತಿಗೆಗೆ ಊದುವುದು, ಅವಳು ಕಿಸಕ್ಕೆಂದು ನಗುವುದು. ಇಷ್ಟು ಹೊತ್ತು ಅವಳ ಅಸಹಾಯಕತೆ ಎಂದು ಅರ್ಜಿಯಲ್ಲಿ ಬರೆಯಹೊರಟಿದ್ದು ನನ್ನ ಕೈಯ ಹೊಲಿಗೆಯನ್ನೇ.

ಮೇಡಂ ನನ್ನ ಕೈಯಲ್ಲಿದ್ದ ಅರ್ಜಿ ತೆಗೆದುಕೊಂಡು, ಪೆನ್ಸಿಲ್ ಗುರುತನ್ನು ಬೆಳಕಿಗೆ ಹಿಡಿದು ನೋಡಿ, ಕೋಟಿನ ಜೊತೆ ವಾಪಸ್ ಕೊಟ್ಟರು. "ಸೋಮವಾರ ತನ್ನಿ. ಈ ವರ್ಷವೋ ಮುಂದಿನ ವರ್ಷವೋ, ಎರಡೂ ನಡೆಯುತ್ತೆ. ಒಂದು ವರ್ಷ ತಡವಾದರೆ ಆಕಾಶ ಕಳಚಿ ಬೀಳಲ್ಲ. ಆದರೆ ಮಗೂನ ಕಾರಣಕ್ಕೆ ತಡ ಮಾಡಿ."

ದಾರಿಯಲ್ಲಿ ಬಾಬಿನ್‌ಳ ಉಗುರಿನಲ್ಲೆಲ್ಲ ಜೇಡಿಮಣ್ಣಿತ್ತು. ಎರಡು ಬೀದಿ ಅದನ್ನು ಕೆರೆದು ತೆಗೆಯುತ್ತ ನಡೆದಳು. ಮೂರನೆಯದರಲ್ಲಿ ನಿಂತಳು.

"ಮುದುಕಿ ಇಲ್ಲವೇ ಇಲ್ಲ ಅಲ್ವಾ ಅಮ್ಮ?"

"ಇಲ್ಲ."

"ಮಣ್ಣಿನ ಕೋಣೆ ಮಿಸ್ಸಿಗೆ ಕೇಳಿದೆ. ಅವರು ನಕ್ಕರು." ಅವಳು ನನ್ನ ಕೈ ಬಿಟ್ಟಳು. "ಹಾಗಾದ್ರೆ ಗಿಳೀದೂ ಸುಳ್ಳಾ? ಬಾವೀಲಿರೋ ರಾಜಕುಮಾರಂದೂ? ಇಲಿ ಅರಮನೇದೂ?"

ನಾನು ಮಾಡಿದ್ದೇನು ಎಂಬುದು ಅಲ್ಲಿ, ಹಣ್ಣಿನ ಅಂಗಡಿಯ ಮುಂದೆ, ಹೊಳೆಯಿತು. ಒಂದು ವರ್ಷ ಹೆಚ್ಚಿಗೆ ಹೂಂ ಅನ್ನಿಸಿಕೊಳ್ಳುವ ಆಸೆಗೆ, ಹುಟ್ಟಿದಂದಿನಿಂದ ಸಿಕ್ಕ ಹೂಂಗಳನ್ನೆಲ್ಲ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ. ಅಜ್ಜಿ ನೂರು ಕಥೆ ಬಿಟ್ಟುಹೋಗಿದ್ದಳು; ಅವುಗಳಲ್ಲಿ ಒಂದೂ ಆ ಹೊತ್ತಿಗೆ ಒದಗಲಿಲ್ಲ. ಒಳ್ಳೆಯದೇ ಆಯಿತು. ಒದಗಿದ್ದರೆ ಹೇಳಿಬಿಡುತ್ತಿದ್ದೆ.

"ಅವು ಕಥೆ. ಅದನ್ನೆಲ್ಲ ನಿನಗೋಸ್ಕರ ಹೇಳಿದ್ದು" ಅಂದೆ. "ಹಲ್ಲಿಂದು ಸುಳ್ಳು ಪುಟ್ಟಿ. ಅದನ್ನ ನನಗೋಸ್ಕರ ಹೇಳಿದೆ."

"ನಿಂಗೇನು ಬೇಕಿತ್ತು?"

"ನೀನು ಮೇಜಿನ ಕೆಳಗೇ ಇರಬೇಕಿತ್ತು."

ಅವಳು ಯೋಚಿಸಿದಳು. ಅಪ್ಪನ ಮಗಳು, ಎರಡು ಕಡೆಯೂ ಬೊಟ್ಟು ಇಟ್ಟು ನೋಡುತ್ತಿದ್ದಳು. "ದಿನಾ ಪೂರ್ತಿನಾ?"

"ಹೂಂ."

"ಆದರೆ ನನಗೆ ಅಲ್ಲಿ ತಲೆ ತಾಗುತ್ತಮ್ಮ" ಎಂದಳು ಬಾಬಿನ್. "ಹೋದ ತಿಂಗಳಿಂದ ತಾಗ್ತಿದೆ."

ನನಗೆ ಗೊತ್ತೇ ಇರಲಿಲ್ಲ. ಊರ ಮಕ್ಕಳ ಎತ್ತರವನ್ನೆಲ್ಲ ಟೇಪಿನಲ್ಲಿ ಹಿಡಿದವಳು ನಾನು.

ಸಂಜೆ ಅಕ್ಕನ ಮಗಳ ಹತ್ತಿರ ಹಲ್ಲು ಕೊಟ್ಟು ಗುಂಡಿ ಬಿಡಿಸಿಕೊಂಡು ಬರುವಷ್ಟರಲ್ಲಿ ಸಾಕಾಯಿತು. "ಎರಡು ದಿನ ಇಟ್ಕೊಂಡಿದ್ದಳಲ್ಲ ಚಿಕ್ಕಮ್ಮ, ಸವೆದಿರುತ್ತೆ" ಎಂದು ವಾದಿಸಿ ಒಂದು ಕೆಂಪು ಜಿಪ್ಪು ಕಿತ್ತುಕೊಂಡಳು. ಅಕ್ಕ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಲ್ಲು ಬಾಡಿಗೆಗೆ ತಂದವಳನ್ನ ಶಾಲೆಗೆ ಕಳಿಸೋಕೆ ಹೆದರ್ತೀಯಲ್ಲೇ? ಹೆದರಬೇಕಾದದ್ದು ಶಾಲೆಯವರು!"

ಗಂಡನಿಗೆ ಎಲ್ಲ ಹೇಳಿದೆ, ಪೆನ್ಸಿಲ್ ಗುರುತನ್ನೂ ಬಿಡದೆ. ಅವರು ನಗಲಿಲ್ಲ. ಪೆಟ್ಟಿಗೆಯಿಂದ ಅತಿ ಚಿಕ್ಕ ಬೊಟ್ಟನ್ನು ತೆಗೆದು, ಅದರ ಮೇಲಿದ್ದ ಪುಟ್ಟ ಹಲ್ಲಿನ ಗುರುತು ತೋರಿಸಿದರು. "ಇದು ಇನ್ನು ಅಂಗಡಿಗೆ ಆಗಲ್ಲ. ಮನೇಲಿಟ್ಕೋ." ಪೆಟ್ಟಿಗೆ ಮುಚ್ಚುತ್ತ, "ಆ ಬಾವಿಯಿಂದ ಅವನು ಮೇಲೆ ಬಂದನಾ?" ಎಂದರು.

"ಯಾರು?"

"ರಾಜಕುಮಾರ. ಮದುವೆ ಆದ ವರ್ಷದಿಂದ ಒಳಗೇ ಇದಾನಲ್ಲ."

ಭಾನುವಾರ ಇಡೀ ದಿನ ಗುಂಡಿ ಬಿಚ್ಚಿದೆ. ಬೆನ್ನ ಮೇಲಿನ ಗುಂಡಿಯನ್ನು ಮುಂದಕ್ಕೆ ತರುವುದು ಎಂದರೆ ಸುಮ್ಮನೆ ಕಿತ್ತು ಅಂಟಿಸುವುದಲ್ಲ. ಬೆನ್ನಿನ ಸೀಳು ಮುಚ್ಚಬೇಕು, ಮುಂದೆ ಕತ್ತರಿಸಬೇಕು, ಪಟ್ಟಿ ಕೊಡಬೇಕು, ಗುಂಡಿ ತೂರುವ ಕಾಜ ಹೊಲಿಯಬೇಕು. ಎಂಟು ಅಂಗಿ. ಹಳೆಯ ಕಾಜಗಳ ಗಾಯ ಬೆನ್ನ ಮೇಲೆ ಸಾಲಾಗಿ ಉಳಿಯಿತು, ಅದಕ್ಕೆ ಮದ್ದಿಲ್ಲ. ಬಾಬಿನ್ ಮೇಜಿನ ಮೇಲೆ ಕೂತು ಕಾಲಾಡಿಸುತ್ತ, ತಯಾರಾದದ್ದನ್ನು ಹಾಕಿ ತೆಗೆದು ಹಾಕಿ ತೆಗೆದು ನೋಡಿದಳು. ನಾನು ಕೈ ಚಾಚಿದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು. ಸೋಮವಾರ ಆರೂ ಬೂದು ಗುಂಡಿಗಳಿರುವ ಕೋಟಿನ ಜೊತೆ ಅರ್ಜಿ ಕೊಟ್ಟುಬಂದೆ. ಪೆನ್ಸಿಲ್ ಅಳಿಸಿ, ಇನ್ನೊಂದು ಚೌಕದಲ್ಲಿ ಪೆನ್ನಿನಿಂದ ಗುರುತು ಹಾಕಿದ್ದೆ. ಸ್ವಲ್ಪ ಒತ್ತಿಯೇ ಹಾಕಿರಬೇಕು, ಕಾಗದ ಹರಿದಿತ್ತು.

ಶಾಲೆಯ ಮೊದಲ ದಿನ ಅವಳು ತಾನೇ ಗುಂಡಿ ಹಾಕಿಕೊಂಡು ಹೊರಟಳು. ಒಂದು ಕಾಜ ತಪ್ಪಿ, ಅಂಗಿಯ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಊರಿನ ಹೊಲಿಗೆಯವಳ ಮಗಳು! ಗೇಟಿನವರೆಗೂ ನನ್ನ ಬೆರಳು ತುರಿಸುತ್ತಲೇ ಇತ್ತು. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಡೆದೆ. ಗೇಟಿನ ಹತ್ತಿರ ಅವಳು ಒಂದು ಕ್ಷಣ ನಿಂತು, ಯಾರೂ ಇಲ್ಲದ ಕಡೆಗೆ ಬಾಯಿ ಅಗಲಿಸಿ "ಆ" ಅಂದು, ಒಳಗೆ ಓಡಿದಳು. ಹಿಂದಿರುಗಿ ನೋಡುತ್ತಾಳೆ ಎಂದು ಅರ್ಧ ಗಂಟೆ ಕಾದೆ. ಆಮೇಲೆ ಕಾವಲಿನವರು ಬಂದು, ಯಾರು ಬೇಕಿತ್ತು ಎಂದು ಕೇಳಿದರು.

ಆ ಬೆಳಿಗ್ಗೆ ಹೊಲಿದ ಪ್ಯಾಂಟಿನ ಕಾಲುಗಳು ಒಂದು ಉದ್ದ ಒಂದು ಗಿಡ್ಡ ಆದವು. ನೆಲದ ಮೇಲೆ ಗುಂಡುಸೂಜಿಗಳು ಬಿದ್ದು ಹಾಗೇ ಉಳಿದವು. ಒಂದು ಸಲ ಮರೆತು, "ಒಂದಾನೊಂದು ಊರಲ್ಲಿ" ಎಂದು ಶುರುಮಾಡಿ, ಯಂತ್ರ ನಿಲ್ಲಿಸಿ, ಕಿವಿಗೊಟ್ಟು, ಮತ್ತೆ ತುಳಿದೆ.

ಮಧ್ಯಾಹ್ನ ಅವಳು ಬಂದವಳೇ ಮೇಜಿನ ಕೆಳಗೆ ಹೋಗದೆ, ಅಳತೆಗೆ ನಿಲ್ಲಿಸುವ ಸ್ಟೂಲಿನ ಮೇಲೆ ಹತ್ತಿ ಕೂತಳು. ಗುಂಡಿಗಳು ಬೆಳಗಿನದಕ್ಕಿಂತ ಇನ್ನೊಂದು ಕಾಜ ತಪ್ಪಿದ್ದವು. ಎಂದರೆ ಯಾರ ಸಹಾಯವೂ ಇಲ್ಲದೆ ಒಮ್ಮೆ ಬಿಚ್ಚಿ ಹಾಕಿಯಾಗಿತ್ತು.

"ಅಮ್ಮ, ಕಥೆ ಹೇಳ್ತೀನಿ. ನೀನು ಹೂಂ ಅನ್ನಬೇಕು."

"ಹೂಂ."

"ಒಬ್ಬಳು ಹುಡುಗಿ ನನ್ನ ಪಕ್ಕ ಕೂತಳು."

"ಹೂಂ."

"ಅವಳ ಹತ್ತಿರ ರಬ್ಬರ್ ಇತ್ತು."

"ಹೂಂ."

"ನನಗೂ ಕೊಟ್ಟಳು. ಆಮೇಲೆ ಗಂಟೆ ಹೊಡೀತು."

"ಹೂಂ. ಆಮೇಲೆ?"

"ಅಷ್ಟೇ. ಮುಗೀತು."

ಕಥೆಯಲ್ಲಿ ರಾಕ್ಷಸನಿಲ್ಲ, ಸಮುದ್ರವಿಲ್ಲ. ಆ ರಬ್ಬರಿನೊಳಗೆ ಯಾರದಾದರೂ ಪ್ರಾಣವನ್ನಾದರೂ ಬಚ್ಚಿಡಬಹುದಿತ್ತು. ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡು, ಮತ್ತೊಮ್ಮೆ "ಹೂಂ" ಎಂದೆ.